ಅನುದಾನ ಪಡೆಯುವ ಧಾರ್ಮಿಕ ಶಾಲೆ ಜೀವವಿಕಾಸದ ಪಾಠವನ್ನು ಬಿಟ್ಟುಬಿಡಬಹುದಾ?

ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನಮ್ಮ ಶಾಲೆ ನಡೆಸುವುದು ಒಂದು ಧಾರ್ಮಿಕ ಸಂಸ್ಥೆ. ಸಂಬಳ ಬರುವುದು ಸರ್ಕಾರದ ಅನುದಾನದಿಂದ. ಯಾವ ಧರ್ಮ ಅಂತ ಹೇಳುವುದಿಲ್ಲ. ಬೇರೆ ಬೇರೆ ಧರ್ಮದವರ ಶಾಲೆಗಳಲ್ಲಿರುವ ಗೆಳತಿಯರೂ ಇದೇ ಕಥೆ ಹೇಳಿದ್ದಾರೆ.

ಹೋದ ತಿಂಗಳು ಜೀವವಿಕಾಸದ ಪಾಠ ಶುರು ಮಾಡಬೇಕಿತ್ತು. ಆಡಳಿತ ಮಂಡಳಿಯ ಹಿರಿಯರೊಬ್ಬರು ಕರೆಸಿದರು. ಗದರಲಿಲ್ಲ, ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಅದೊಂದು ಪಾಠ ಮಕ್ಕಳೇ ಓದಿಕೊಳ್ಳಲಿ ಬಿಡಿ ಮೇಡಂ. ಸುಮ್ನೆ ಯಾಕೆ ಪೋಷಕರ ಜೊತೆ ತಕರಾರು?" ಅಂದರು. ನಾನು ತಲೆಯಾಡಿಸಿ ಬಂದೆ.

ಅವತ್ತಿನಿಂದ ನೆಮ್ಮದಿ ಇಲ್ಲ. ಅವರ ಮಾತಿಗಿಂತ ನನ್ನನ್ನು ಕಾಡುತ್ತಿರುವುದು ಬೇರೆ. ಯಾರೂ ಹೇಳದೆಯೇ ನಾನು ಹಿಂದಿನ ಎರಡು ವರ್ಷ ಆ ಪಾಠವನ್ನು ಒಂದೇ ಪಿರಿಯಡ್‌ನಲ್ಲಿ ಓಡಿಸಿಬಿಟ್ಟಿದ್ದೆ. ಪಾಠ ಟಿಪ್ಪಣಿಯಲ್ಲಿ ಮಾತ್ರ "ಪೂರ್ಣಗೊಂಡಿದೆ" ಅಂತ ಬರೆದಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಶಾಲೆ ಅವರದ್ದು. ದುಡ್ಡು ಎಲ್ಲರದ್ದು. ಹಾಗಿದ್ದಾಗ ವಿಜ್ಞಾನದ ತರಗತಿಯಲ್ಲಿ ಏನು ಹೇಳಬೇಕು, ಏನು ಬಿಡಬೇಕು ಅಂತ ತೀರ್ಮಾನ ಮಾಡುವವರು ಯಾರು?

ತೆರಿಗೆದಾರ

ಮೇಡಂ, ಇದು ಸುಲಭದ ಪ್ರಶ್ನೆ. ಧಾರ್ಮಿಕ ಸಂಸ್ಥೆಗಳಿಗೆ ಸಾರ್ವಜನಿಕರ ದುಡ್ಡು ಹೋಗಲೇಬಾರದು. ಧರ್ಮ ಬೇಕಾದವರು ತಮ್ಮ ಖರ್ಚಿನಲ್ಲಿ ಶಾಲೆ ನಡೆಸಲಿ. ದುಡ್ಡು ನಿಂತರೆ ಈ ತಕರಾರೇ ಇರುವುದಿಲ್ಲ.

ಕಾನೂನು ಓದುವವನು

ಅಷ್ಟು ಸುಲಭ ಅಲ್ಲ ಸರ್. ದುಡ್ಡು ನಿಂತರೆ ಆ ಶಾಲೆ ಮುಚ್ಚಬಹುದು, ಇಲ್ಲವೇ ಪೂರ್ತಿ ತನ್ನ ಮನಸ್ಸಿಗೆ ಬಂದಂತೆ ನಡೆಯಬಹುದು. ಎರಡರಲ್ಲೂ ಕಳೆದುಕೊಳ್ಳುವುದು ಅಲ್ಲಿನ ಮಕ್ಕಳೇ.

ನಮ್ಮ ಸಂವಿಧಾನದ 28ನೇ ವಿಧಿ ಈ ವಿಷಯವನ್ನು ಜಾಣತನದಿಂದ ವಿಂಗಡಿಸಿದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಇರಬಹುದು, ಆದರೆ ಯಾರನ್ನೂ ಬಲವಂತವಾಗಿ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಇನ್ನು 30ನೇ ವಿಧಿ, ಅಲ್ಪಸಂಖ್ಯಾತರು ನಡೆಸುತ್ತಾರೆ ಅನ್ನುವ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಬಾರದು ಎನ್ನುತ್ತದೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆಯಿತು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ.

ಈಗ ಮೇಡಂ ಅವರ ಸಮಸ್ಯೆ ನೋಡಿ. ಅವರಿಗೆ ಯಾರೂ ಧರ್ಮ ಬೋಧಿಸಿ ಅಂತ ಹೇಳಿಲ್ಲ. ವಿಜ್ಞಾನವನ್ನು ಬಿಡಿ ಅಂತ ಹೇಳಿದ್ದಾರೆ. 28ನೇ ವಿಧಿ ಇದನ್ನು ಮುಟ್ಟುವುದೇ ಇಲ್ಲ! ವೈಜ್ಞಾನಿಕ ಮನೋಭಾವ ಬೆಳೆಸಬೇಕು ಅನ್ನುವ 51ಎ(ಎಚ್) 1976ರಲ್ಲಿ ಬಂತು. ಆದರೆ ಅದು ನಾಗರಿಕರ ಕರ್ತವ್ಯ. ಅದನ್ನೊಂದೇ ಹಿಡಿದು ಕೋರ್ಟಿಗೆ ಹೋದರೆ ಶಾಲೆಯಲ್ಲಿ ಪಾಠ ನಡೆಯುತ್ತದೆ ಎಂದು ಹೇಳಲಾಗದು.

ಹಾಗಾಗಿ ಕೈಗೆ ಸಿಗುವ ಹಿಡಿ ಒಂದೇ, ಅನುದಾನದ ಜೊತೆಗಿರುವ ಷರತ್ತು. ಇಂಗ್ಲೆಂಡ್ ನೋಡಿ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಧಾರ್ಮಿಕ ಶಾಲೆಗಳು. ದುಡ್ಡು ನಿಲ್ಲಿಸಲಿಲ್ಲ. 2012ರಲ್ಲಿ ಹೊಸ "ಫ್ರೀ ಸ್ಕೂಲ್"ಗಳ, ಅಂದರೆ ಸರ್ಕಾರದ ದುಡ್ಡಿನಲ್ಲಿ ಸ್ವಂತ ಆಡಳಿತದಿಂದ ನಡೆಯುವ ಶಾಲೆಗಳ ಅನುದಾನದ ಒಪ್ಪಂದದಲ್ಲೇ ಬರೆದರು: ದೇವರ ಸೃಷ್ಟಿಯ ಕಥೆಯನ್ನು ವಿಜ್ಞಾನ ಎಂದು ಹೇಳಿಕೊಡುವಂತಿಲ್ಲ, ಜೀವವಿಕಾಸ ಹೇಳಿಕೊಡಲೇಬೇಕು. ಫ್ರಾನ್ಸ್ 1905ರಲ್ಲೇ ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿದ ದೇಶ. ಅಲ್ಲಿಯೂ 1959ರ ಡೆಬ್ರೆ ಕಾಯ್ದೆ ಪ್ರಕಾರ ಒಪ್ಪಂದಕ್ಕೆ ಬಂದ ಖಾಸಗಿ ಶಾಲೆಗಳ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಆ ಶಾಲೆಗಳಲ್ಲಿ ಹೆಚ್ಚಿನವು ಕ್ಯಾಥೊಲಿಕ್ ಶಾಲೆಗಳು. ಅವು ರಾಷ್ಟ್ರೀಯ ಪಠ್ಯಕ್ರಮವನ್ನೇ ಪಾಲಿಸಬೇಕು, ಎಲ್ಲ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳಬೇಕು.

ಅಮೆರಿಕದ್ದು ಬೇರೆ ದಾರಿ. 2022ರಲ್ಲಿ ಮೇನ್ ರಾಜ್ಯದ ಪ್ರಕರಣ ಬಂತು. ಅಲ್ಲಿ ಹೈಸ್ಕೂಲ್ ಇಲ್ಲದ ಊರುಗಳ ಮಕ್ಕಳಿಗೆ ಸರ್ಕಾರ ಖಾಸಗಿ ಶಾಲೆಯ ಫೀಸು ಕಟ್ಟುತ್ತದೆ. ಹಾಗೆ ಕಟ್ಟುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು. ದುಡ್ಡಿನ ಬಾಗಿಲು ತೆರೆಯಿತು. ಪಾಠದಲ್ಲಿ ಏನಿರಬೇಕು ಅನ್ನುವ ಪ್ರಶ್ನೆ ಬಾಗಿಲ ಹೊರಗೇ ಉಳಿಯಿತು. ನನಗೆ ಹೆದರಿಕೆ ಇರುವುದು ಇದರ ಬಗ್ಗೆ.

ಒಬ್ಬ ಹುಡುಗಿಯ ಅಪ್ಪ

ನಾನು ದೇವರನ್ನು ನಂಬುವವನು. ನಾನೂ ತೆರಿಗೆ ಕಟ್ಟುತ್ತೇನೆ, ಅದನ್ನು ಯಾರೂ ಮರೆಯಬಾರದು.

ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತದೆ. ನನ್ನದನ್ನೂ ಕೇಳಿ. ನನ್ನ ಮಗಳ ಹಿಂದಿನ ಶಾಲೆಯಲ್ಲಿ ಇದೇ ಪಾಠದ ದಿನ ಮೇಷ್ಟ್ರು, "ದೇವರನ್ನು ನಂಬುವವರು ಕೈ ಎತ್ತಿ" ಅಂದರಂತೆ. ನಾಲ್ಕೈದು ಮಕ್ಕಳು ಎತ್ತಿದರು. ಉಳಿದವರು ನಕ್ಕರು. ನನ್ನ ಮಗಳು ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ತಾನು ದಡ್ಡಿ, ತನ್ನ ಅಪ್ಪ ಅಮ್ಮನೂ ದಡ್ಡರು ಅನ್ನಿಸಿಬಿಟ್ಟಿತ್ತು. ಅದು ವಿಜ್ಞಾನದ ಪಾಠವಾ?

ಅದಕ್ಕೇ ಕೇಳುತ್ತೇನೆ. ಎರಡನ್ನೂ ಹೇಳಿ. ವಿಜ್ಞಾನ ಹೀಗನ್ನುತ್ತದೆ, ಧರ್ಮ ಹೀಗನ್ನುತ್ತದೆ ಅಂತ. ಮಕ್ಕಳೇ ಯೋಚನೆ ಮಾಡಿಕೊಳ್ಳಲಿ. ಇದರಲ್ಲಿ ತಪ್ಪೇನಿದೆ?

ನಿವೃತ್ತ ಮೇಷ್ಟ್ರು

ಸ್ವಾಮಿ, ಮೊದಲು ನಿಮ್ಮ ಮಗಳ ವಿಷಯ. ಆ ಮೇಷ್ಟ್ರು ಮಾಡಿದ್ದು ತಪ್ಪು. ಮೂವತ್ತೆರಡು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನಾಗಿ ಹೇಳುತ್ತಿದ್ದೇನೆ, ತರಗತಿಯಲ್ಲಿ ಮಗುವಿನ ನಂಬಿಕೆಗೆ ಕೈ ಎತ್ತಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಆ ದಿನ ಆ ಹುಡುಗಿ ಜೀವವಿಕಾಸವನ್ನೂ ಕಲಿಯಲಿಲ್ಲ, ಬರೀ ಅವಮಾನ ಕಲಿತಳು.

ಈಗ "ಎರಡನ್ನೂ ಹೇಳಿ" ಅನ್ನುವುದು. ಕೇಳಲು ನ್ಯಾಯವಾಗಿಯೇ ಇದೆ. ಇದನ್ನು ಮಾಡಿ ನೋಡಿದವರಿದ್ದಾರೆ. ಅಮೆರಿಕದ ಲೂಸಿಯಾನಾದಲ್ಲಿ ಎರಡಕ್ಕೂ ಸಮಾನ ಅವಕಾಶ ಕೊಡಬೇಕು ಅಂತಲೇ ಕಾನೂನು ಮಾಡಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಪ್ರಕರಣದಲ್ಲಿ ನೊಬೆಲ್ ಪಡೆದ 72 ವಿಜ್ಞಾನಿಗಳು ಆ ಕಾನೂನಿನ ವಿರುದ್ಧ ಕೋರ್ಟಿಗೆ ಮನವಿ ಕೊಟ್ಟಿದ್ದರು. ಆಮೇಲೆ ಸೃಷ್ಟಿ ಅನ್ನುವ ಮಾತು ಬಿಟ್ಟು "ಬುದ್ಧಿವಂತ ವಿನ್ಯಾಸ" ಅನ್ನುವ ಹೆಸರು ಬಂತು, ಅಂದರೆ ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ಯೋಜಿಸಿ ರೂಪಿಸಿದೆ ಅನ್ನುವ ವಿಚಾರ. ಪೆನ್ಸಿಲ್ವೇನಿಯಾದ ಡೋವರ್ ಎಂಬಲ್ಲಿ ಶಾಲಾ ಮಂಡಳಿ ಅದರ ಬಗ್ಗೆ ಒಂದು ಪುಟ್ಟ ಹೇಳಿಕೆ ಬರೆದು, ತರಗತಿಯಲ್ಲಿ ಓದಿ ಅಂತ ಜೀವಶಾಸ್ತ್ರ ಶಿಕ್ಷಕರಿಗೆ ಕೊಟ್ಟಿತು. ಶಿಕ್ಷಕರು ಓದಲಿಲ್ಲ! ಕೊನೆಗೆ ಆಡಳಿತದವರೇ ಬಂದು ಓದಿದರು. ಹನ್ನೊಂದು ಪೋಷಕರು ಕೋರ್ಟಿಗೆ ಹೋದರು. 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಬರೆದರು. ಅದು ವಿಜ್ಞಾನ ಅಲ್ಲ, ಹೆಸರು ಬದಲಿಸಿಕೊಂಡು ಬಂದ ಧಾರ್ಮಿಕ ವಿಚಾರ ಅಂತ. ವಕೀಲರ ಖರ್ಚಿಗೆ ಆ ಶಾಲಾ ಜಿಲ್ಲೆ ಸುಮಾರು 10 ಲಕ್ಷ ಡಾಲರ್ ಕಟ್ಟಬೇಕಾಯಿತು. ಅದೂ ಸಾರ್ವಜನಿಕರ ದುಡ್ಡೇ. ಎಷ್ಟು ಪ್ರಯೋಗಾಲಯ ಕಟ್ಟಬಹುದಿತ್ತು ಅಲ್ವಾ?

ಎರಡನ್ನೂ ಪಕ್ಕಪಕ್ಕ ಇಡುವುದರ ತೊಂದರೆ ಧರ್ಮಕ್ಕೂ ಇದೆ. ವಿಜ್ಞಾನದ ತರಗತಿಯಲ್ಲಿ ಯಾವ ಮಾತಿಟ್ಟರೂ "ಸಾಕ್ಷಿ ಏನು? ತಪ್ಪು ಅಂತ ತೋರಿಸುವುದು ಹೇಗೆ?" ಎಂದು ಕೇಳಬೇಕು. ನಿಮ್ಮ ನಂಬಿಕೆಯನ್ನು ಆ ಮೇಜಿನ ಮೇಲೆ ಇಟ್ಟು ಹದಿಮೂರು ವರ್ಷದ ನಲವತ್ತು ಮಕ್ಕಳು ಅದನ್ನು ಹಾಗೆ ಪರೀಕ್ಷೆ ಮಾಡಲಿ ಅಂತ ನಿಮಗೆ ನಿಜವಾಗಿ ಆಸೆಯೇ?

ಇನ್ನು ನಮ್ಮ ಭಾಷೆಯಲ್ಲೇ ಒಂದು ಎಡವಟ್ಟಿದೆ. ಇದನ್ನು ಯಾವಾಗಲೂ ಹೇಳಬೇಕು ಅನ್ನಿಸುತ್ತಿತ್ತು. ನಾವು ಇದನ್ನು "ವಿಕಾಸವಾದ" ಅನ್ನುತ್ತೇವೆ. ವಾದ ಅಂದಮೇಲೆ ಅದಕ್ಕೊಂದು ಪ್ರತಿವಾದ ಇರಲೇಬೇಕಲ್ಲ! ಸಮಾಜವಾದ, ಅದ್ವೈತವಾದ ಇದ್ದ ಹಾಗೆ ವಿಕಾಸವಾದವೂ ಒಂದು ಪಂಥ ಅನ್ನಿಸಿಬಿಡುತ್ತದೆ. "ಸಿದ್ಧಾಂತ" ಅಂದರೂ ಅದೇ ಕಷ್ಟ. ಪಕ್ಷಕ್ಕೊಂದು ಸಿದ್ಧಾಂತ, ಮಠಕ್ಕೊಂದು ಸಿದ್ಧಾಂತ, ಡಾರ್ವಿನ್‌ಗೊಂದು ಸಿದ್ಧಾಂತ. ಅವರವರಿಗೆ ಅವರವರದ್ದು. ಗುರುತ್ವಾಕರ್ಷಣೆಯನ್ನು ನಾವು "ಗುರುತ್ವವಾದ" ಅನ್ನುವುದಿಲ್ಲ. ನಾನು ಕೊನೆಯ ಹತ್ತು ವರ್ಷ ತರಗತಿಯಲ್ಲಿ "ಜೀವವಿಕಾಸ" ಅಂತಷ್ಟೇ ಹೇಳಿದೆ. "ಮಂಗನಿಂದ ಮಾನವ" ಅನ್ನುವ ಮಾತನ್ನು ಬೋರ್ಡಿನ ಮೇಲೆ ಬರೆದು, ಅಡ್ಡಗೆರೆ ಎಳೆದು ಪಾಠ ಶುರು ಮಾಡುತ್ತಿದ್ದೆ. ಈಗಿನ ಮಂಗಗಳು ನಮ್ಮ ಅಜ್ಜ ಅಜ್ಜಿಯರಲ್ಲ. ಬಹಳ ಹಿಂದೆ ಬೇರೆ ದಾರಿ ಹಿಡಿದ ದಾಯಾದಿಗಳು. ಇಷ್ಟು ಹೇಳಿದರೇ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಪ್ರಯೋಗಾಲಯದ ವಿದ್ಯಾರ್ಥಿನಿ

ನನಗೂ ಈ ಪಾಠವನ್ನು ಶಾಲೆಯಲ್ಲಿ ಮಾಡಲಿಲ್ಲ. "ಪರೀಕ್ಷೆಗೆ ಮುಖ್ಯ ಅಲ್ಲ" ಅಂದಿದ್ದರು. ನಾನೂ ಖುಷಿಪಟ್ಟಿದ್ದೆ, ಓದುವುದು ಕಡಿಮೆ ಆಯಿತಲ್ಲ ಅಂತ.

ಈಗ ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಆ್ಯಂಟಿಬಯಾಟಿಕ್ ಹಾಕಿದ ಪುಟ್ಟ ಬಿಲ್ಲೆ ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಾಣುತ್ತದೆ. ಒಂದು ದಿನ ಆ ಖಾಲಿ ವೃತ್ತದ ಒಳಗೇ ಎರಡು ಮೂರು ಚುಕ್ಕಿ ಬೆಳೆದಿದ್ದವು. ಔಷಧಕ್ಕೆ ಜಗ್ಗದವು. ಉಳಿದವೆಲ್ಲ ಸತ್ತಿವೆ, ಇವು ಮಾತ್ರ ಉಳಿದು ಮರಿ ಮಾಡಿವೆ. ಮೇಡಂ ಬಂದು "ಇದೇ ನೈಸರ್ಗಿಕ ಆಯ್ಕೆ" ಅಂದರು. ನನಗೆ ಆ ಪದವೇ ಗೊತ್ತಿರಲಿಲ್ಲ. ಅವತ್ತು ತುಂಬಾ ನಾಚಿಕೆ ಆಯಿತು, ಸಿಟ್ಟೂ ಬಂತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ, ಬ್ಯಾಕ್ಟೀರಿಯಾ ಹೀಗೆ ಔಷಧಕ್ಕೆ ಜಗ್ಗದಂತಾಗಬಹುದು ಅಂತ ಎಚ್ಚರಿಕೆ ಕೊಟ್ಟಿದ್ದರಂತೆ. ನನಗೆ ಅದು ಶಾಲೆಯಲ್ಲೇ ಗೊತ್ತಾಗಬೇಕಿತ್ತು.

ತೆರಿಗೆದಾರ

ನೋಡಿ, ಇದಕ್ಕೇ ನಾನು ಹೇಳಿದ್ದು. ಧಾರ್ಮಿಕ ಶಾಲೆಗಳ ಕೈಗೆ ದುಡ್ಡು ಕೊಟ್ಟರೆ ಹೀಗೇ ಆಗುವುದು.

ಪ್ರಯೋಗಾಲಯದ ವಿದ್ಯಾರ್ಥಿನಿ

ಇಲ್ಲ ಸರ್. ನಾನು ಓದಿದ್ದು ಪೂರ್ತಿ ಸರ್ಕಾರಿ ಶಾಲೆಯಲ್ಲಿ.

ನಿವೃತ್ತ ಮೇಷ್ಟ್ರು

ಈ ಹುಡುಗಿಯ ಮಾತಿನಲ್ಲೇ ವಿಷಯದ ತಿರುಳಿದೆ. ಪಾಠವನ್ನು ತಿರುಚಿದರೆ ಯಾರಾದರೂ ಜಗಳ ಮಾಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಪಾಠವನ್ನು ಬಿಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ.

1925ರಲ್ಲಿ ಟೆನೆಸ್ಸೀ ರಾಜ್ಯದ ಡೇಟನ್‌ನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ಜೀವವಿಕಾಸ ಹೇಳಿಕೊಟ್ಟದ್ದಕ್ಕೆ 100 ಡಾಲರ್ ದಂಡ ಹಾಕಿದ್ದು ಜಗತ್ತಿಗೆಲ್ಲ ಗೊತ್ತು. ಅದು ಮೇಲ್ಮನವಿಯಲ್ಲಿ ರದ್ದೂ ಆಯಿತು. ಆದರೆ ಆಮೇಲೆ ಆದದ್ದು ಅದಕ್ಕಿಂತ ದೊಡ್ಡದು. ಪುಸ್ತಕ ಅಚ್ಚು ಹಾಕುವವರು ಹೆದರಿ ಆ ವಿಷಯವನ್ನೇ ಮೆಲ್ಲಗೆ ತೆಗೆದರು, ಇಲ್ಲವೇ ನಾಲ್ಕು ಸಾಲಿಗೆ ಇಳಿಸಿದರು. ಸದ್ದಿಲ್ಲ, ಗದ್ದಲ ಇಲ್ಲ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ನಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬಿದ್ದಿದ್ದಾರೆ ಅಂತ ಅಮೆರಿಕಕ್ಕೆ ಭಯ ಹುಟ್ಟಿದ ಮೇಲೆ, 1960ರ ದಶಕದ ಪುಸ್ತಕಗಳಲ್ಲಿ ಅದು ಮರಳಿ ಬಂತು. ಮೂರು ದಶಕಕ್ಕೂ ಜಾಸ್ತಿ ಕಾಲ ಎಷ್ಟು ಮಕ್ಕಳು ಅದನ್ನು ಕಲಿಯದೇ ಹೋದರೋ!

ಇನ್ನೂ ಹತ್ತಿರದ್ದು ಹೇಳುತ್ತೇನೆ. ಬರ್ಕ್‌ಮನ್ ಮತ್ತು ಪ್ಲುಟ್ಜರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಸರ್ಕಾರಿ ಹೈಸ್ಕೂಲುಗಳ 926 ಜೀವಶಾಸ್ತ್ರ ಶಿಕ್ಷಕರನ್ನು ಕೇಳಿ, 2011ರಲ್ಲಿ ವರದಿ ಬರೆದರು. ಜೀವವಿಕಾಸವನ್ನು ಸ್ಪಷ್ಟವಾಗಿ ಹೇಳಿಕೊಡುವವರು ನೂರಕ್ಕೆ 28. ಸೃಷ್ಟಿವಾದದ ಪರ ಹೇಳಿಕೊಡುವವರು 13. ಉಳಿದ ಸುಮಾರು 60 ಮಂದಿ ಯಾಕೆ ಬೇಕು ತಂಟೆ ಅಂತ ತೇಲಿಸಿಬಿಡುವವರು. ಇಷ್ಟೆಲ್ಲ ಕೋರ್ಟಿನಲ್ಲಿ ಗೆದ್ದ ದೇಶದಲ್ಲೇ ಹೀಗೆ. ಮೇಡಂ, ನೀವು ಎರಡು ವರ್ಷ ಮಾಡಿದ್ದು ಇದನ್ನೇ. ಬೈಯುತ್ತಿಲ್ಲ. ನಾನೂ ಮೊದಲ ಐದಾರು ವರ್ಷ ಅದನ್ನೇ ಮಾಡಿದವನು.

ತಪಾಸಣೆಗೆ ಬಂದವರು ಹಾಜರಾತಿ ನೋಡುತ್ತಿದ್ದರು, ಫಲಿತಾಂಶ ನೋಡುತ್ತಿದ್ದರು, ಪಾಠ ಟಿಪ್ಪಣಿಗೆ ಸಹಿ ಹಾಕುತ್ತಿದ್ದರು. ಒಬ್ಬರೂ ಒಂದು ಮಗುವನ್ನು ಎಬ್ಬಿಸಿ "ಈ ಪಾಠದಲ್ಲಿ ಏನು ತಿಳಿಯಿತು?" ಅಂತ ನನ್ನೆದುರು ಕೇಳಿದ್ದಿಲ್ಲ. ಷರತ್ತು ಬರೆದರೆ ಸಾಲದು. ಯಾರಾದರೂ ಬಂದು ಮಗುವನ್ನು ಕೇಳಬೇಕು.

ಕಾನೂನು ಓದುವವನು

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಬಿಡುವ ಕೆಲಸವನ್ನು ಶಾಲೆಗಳಷ್ಟೇ ಮಾಡುವುದಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ವಿಕಾಸ" ಎಂಬ ಅಧ್ಯಾಯ ಬರೀ "ಅನುವಂಶೀಯತೆ" ಆಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಎಂಬುದು ಕೊಟ್ಟ ಕಾರಣ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಾಪಸ್ ತನ್ನಿ ಅಂತ ಬಹಿರಂಗ ಪತ್ರಕ್ಕೆ ಸಹಿ ಮಾಡಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆ ನಿಜ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ತೆಗೆದುಕೊಳ್ಳುವ ಮಗು ಅದನ್ನು ಯಾವತ್ತು ಓದುತ್ತದೆ? ಟರ್ಕಿಯಲ್ಲೂ 2017ರಲ್ಲಿ ಹೈಸ್ಕೂಲ್ ಪಠ್ಯಕ್ರಮದಿಂದ ತೆಗೆದರು. ಮಕ್ಕಳಿಗೆ ಅರ್ಥವಾಗುವುದು ಕಷ್ಟ ಎಂದರು.

ಹಾಗಾಗಿ ತೆರಿಗೆದಾರರೇ, ಧಾರ್ಮಿಕ ಶಾಲೆಯ ದುಡ್ಡು ನಿಲ್ಲಿಸಿದ ಮಾತ್ರಕ್ಕೆ ಪಾಠ ಉಳಿಯುವುದಿಲ್ಲ.

ತೆರಿಗೆದಾರ

ಆ ಹುಡುಗಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಅವಸರಪಟ್ಟು ಬರೆದೆ, ಕ್ಷಮಿಸಮ್ಮ. ದುಡ್ಡಿನ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಒಂದು ಧರ್ಮದ ಪ್ರಚಾರಕ್ಕೆ ಇನ್ನೊಂದು ಧರ್ಮದವರ, ಧರ್ಮವೇ ಇಲ್ಲದವರ ತೆರಿಗೆ ಹೋಗಬಾರದು ಅಂತಲೇ ಈಗಲೂ ಹೇಳುತ್ತೇನೆ. ಆದರೆ ನಮ್ಮದೇ ಸರ್ಕಾರಿ ಶಾಲೆಯಲ್ಲಿ ಈ ಪಾಠ ನಡೆದಿದೆಯಾ ಅಂತ ನಾನು ಒಂದು ದಿನವೂ ಹೋಗಿ ಕೇಳಿಲ್ಲ.

ಒಬ್ಬ ಹುಡುಗಿಯ ಅಪ್ಪ

ಮೇಷ್ಟ್ರೇ, ನನ್ನ ಮಗಳ ಬಗ್ಗೆ ನೀವು ಬರೆದದ್ದಕ್ಕೆ ಧನ್ಯವಾದ. ಅಷ್ಟು ಮಾತನ್ನು ಆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

"ಆ ಮೇಜಿನ ಮೇಲೆ ಇಡುತ್ತೀರಾ" ಅಂತ ಕೇಳಿದಿರಲ್ಲ, ಅದನ್ನು ಎರಡು ದಿನ ಯೋಚಿಸಿದೆ. ಇಲ್ಲ, ಇಡಲು ಇಷ್ಟ ಇಲ್ಲ. ನನ್ನ ನಂಬಿಕೆ ಇರುವುದು ಬೇರೆ ಕಡೆ. ಆದರೆ ನನಗೊಂದು ಭಯ ಇದೆ, ಮುಚ್ಚಿಡುವುದಿಲ್ಲ. ಈ ಪಾಠ ಕಲಿತ ಮಗಳು ನಾಳೆ ನನ್ನನ್ನು ನಂಬುತ್ತಾಳಾ?

ನಿವೃತ್ತ ಮೇಷ್ಟ್ರು

ಅದಕ್ಕೆ ಉತ್ತರ ಕೊಡುವುದು ನನ್ನಿಂದ ಆಗದು. ಮಕ್ಕಳು ಏನಾಗುತ್ತಾರೋ ಯಾರಿಗೆ ಗೊತ್ತು. ಒಂದೆರಡು ಉದಾಹರಣೆ ಹೇಳಬಲ್ಲೆ. ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮೆಂಡೆಲ್ ಕ್ರೈಸ್ತ ಮಠದಲ್ಲಿದ್ದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೈತ್ರೆ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಆ ವಿಜ್ಞಾನವನ್ನು ದೇವರ ಸೃಷ್ಟಿಗೆ ಬೆಂಬಲವಾಗಿ ಹೇಳಿದಾಗ ಲೆಮೈತ್ರೆಗೇ ಅದು ಹಿಡಿಸಲಿಲ್ಲ. ತನ್ನ ಲೆಕ್ಕವನ್ನೂ ತನ್ನ ಪ್ರಾರ್ಥನೆಯನ್ನೂ ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲಿಸುವುದು ಅವರಿಗೆ ಬೇಕಿರಲಿಲ್ಲ. 1996ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಜೀವವಿಕಾಸ ಬರೀ ಒಂದು ಊಹೆ ಅಲ್ಲ ಎಂದು ಒಪ್ಪಿಕೊಂಡರು. ನಂಬಿಕೆ ಉಳಿಸಿಕೊಂಡೇ ಇದನ್ನು ಕಲಿತವರು ಬಹಳ ಮಂದಿ ಇದ್ದಾರೆ ಸ್ವಾಮಿ.

ಒಬ್ಬ ಹುಡುಗಿಯ ಅಪ್ಪ

ಆಯಿತು. ನನ್ನ ಒಂದು ಕೋರಿಕೆ ಮಾತ್ರ ಬಿಡುವುದಿಲ್ಲ. ಪಾಠ ಮಾಡುವ ಮೊದಲು ಪೋಷಕರಿಗೆ ತಿಳಿಸಿ. ಮನೆಯಲ್ಲಿ ಮಗು ಕೇಳಿದರೆ ನಾವೂ ತಯಾರಿರಬೇಕು.

ವಿಜ್ಞಾನ ಶಿಕ್ಷಕಿ

ಖಂಡಿತ ತಿಳಿಸಬಹುದು ಸರ್. ತಿಳಿಸುತ್ತೇನೆ. ಆದರೆ ತಿಳಿಸುವುದು ಬೇರೆ, ಪಾಠ ಮಾಡಲು ಒಪ್ಪಿಗೆ ಕೇಳುವುದು ಬೇರೆ. ಒಪ್ಪಿಗೆ ಕೇಳುವುದಿಲ್ಲ.

ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಕಾರಣ ಇದೆ. ಈ ವಾರ ಆ ಪಾಠಕ್ಕೆ ಮೂರು ಪಿರಿಯಡ್ ತೆಗೆದುಕೊಂಡೆ. ಮೇಷ್ಟ್ರು ಹೇಳಿದ ಹಾಗೆ ಬೋರ್ಡಿನಲ್ಲಿ "ಜೀವವಿಕಾಸ" ಅಂತಷ್ಟೇ ಬರೆದೆ. ದೇವರ ಮಾತು ನಾನು ಎತ್ತಲಿಲ್ಲ, ಮಕ್ಕಳೂ ಎತ್ತಲಿಲ್ಲ.

ಡಾರ್ವಿನ್ ಫೋಟೋದಿಂದ ಶುರು ಮಾಡದೆ ಒಂದು ಒಗಟಿನಿಂದ ಶುರು ಮಾಡಿದೆ. ಸುಮಾರು 38.5 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಮೀನಿನ ಪಳೆಯುಳಿಕೆ ಸಿಕ್ಕಿದೆ. ಸುಮಾರು 36.5 ಕೋಟಿ ವರ್ಷದ ಬಂಡೆಗಳಲ್ಲಿ ನಾಲ್ಕು ಕಾಲಿನ ಪ್ರಾಣಿ ಸಿಕ್ಕಿದೆ. ನಡುವಿನದ್ದು ಬೇಕು ಅಂದರೆ ಎಲ್ಲಿ ಹುಡುಕುತ್ತೀರಿ? ಹಿಂದಿನ ಬೆಂಚಿನ ಹುಡುಗ, ಯಾವತ್ತೂ ಬಾಯಿ ಬಿಡದವನು, "ನಡುವಿನ ವಯಸ್ಸಿನ ಬಂಡೆಯಲ್ಲಿ" ಅಂದ. ಇನ್ನೊಬ್ಬಳು "ನೀರು ಇದ್ದ ಜಾಗದಲ್ಲಿ" ಅಂದಳು. ಆಮೇಲೆ ಹೇಳಿದೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ 37.5 ಕೋಟಿ ವರ್ಷದ, ನದಿ ಹರಿದಿದ್ದ ಬಂಡೆಗಳಲ್ಲೇ ಹುಡುಕಿದರು. ಹಲವು ಬಾರಿ ಹೋಗಿ ಬಂದ ಮೇಲೆ 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಮೀನಿನ ಹಾಗೆ ಹುರುಪೆ, ರೆಕ್ಕೆ. ಆದರೆ ಕತ್ತು ತಿರುಗಿಸಬಲ್ಲದು. ರೆಕ್ಕೆಯ ಒಳಗೆ ನಮ್ಮ ತೋಳಿನ ಹಾಗೆ ಮೂಳೆಗಳು. ಮಕ್ಕಳು ತಮ್ಮ ಮಣಿಕಟ್ಟನ್ನು ತಾವೇ ಮುಟ್ಟಿ ನೋಡಿಕೊಂಡರು.

ಆಗ ಮುಂದಿನ ಸಾಲಿನ ಹುಡುಗಿ ಕೇಳಿದಳು. "ಮೇಡಂ, ಅಲ್ಲಿ ಸಿಗದೇ ಇದ್ದಿದ್ದರೆ?"

ನಾನು ಉತ್ತರ ಕೊಡಲಿಲ್ಲ. ನೀವೇ ಹೇಳಿ ಅಂದೆ. ಬೆಲ್ ಹೊಡೆಯುವ ತನಕ ಮಾತಾಡಿದರು.

ನಿವೃತ್ತ ಮೇಷ್ಟ್ರು

ಭೇಷ್! ಮುಂದಿನ ಪಿರಿಯಡ್‌ನಲ್ಲಿ ಇದನ್ನೂ ಹೇಳಿ. 2010ರಲ್ಲಿ ಪೋಲೆಂಡಿನಲ್ಲಿ ಟಿಕ್ಟಾಲಿಕ್‌ಗಿಂತ ಹಳೆಯ ಬಂಡೆಯ ಮೇಲೆ ನಾಲ್ಕು ಕಾಲಿನ ಹೆಜ್ಜೆಗಳಂಥ ಗುರುತು ಸಿಕ್ಕಿದೆ ಅಂತ ವರದಿ ಆಯಿತು. ಹಾಗಿದ್ದರೆ ಕಾಲು ಬಂದದ್ದು ನಾವು ಅಂದುಕೊಂಡದ್ದಕ್ಕಿಂತ ಮೊದಲೇ. ಅದು ಹೆಜ್ಜೆಯೇ ಅಲ್ಲ ಅನ್ನುವವರೂ ಇದ್ದಾರೆ. ಆ ಹುಡುಗಿಯ ಪ್ರಶ್ನೆಗೆ ಇದು ಹತ್ತಿರದ ಉತ್ತರ. ಮುಚ್ಚಿಡಬೇಡಿ.

ವಿಜ್ಞಾನ ಶಿಕ್ಷಕಿ

ಹೇಳುತ್ತೇನೆ ಮೇಷ್ಟ್ರೇ. ಸೋಮವಾರ ಬೆಳಿಗ್ಗೆ ಆಡಳಿತ ಮಂಡಳಿಯ ಹಿರಿಯರು ಮತ್ತೆ ಬರಹೇಳಿದ್ದಾರೆ. ಪಾಠ ಟಿಪ್ಪಣಿಯ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ. ಈ ಸಲ ಅದರಲ್ಲಿ ಬರೆದದ್ದು ನಿಜ. ಅವರಿಗೂ ಆ ಮೂಳೆಯ ಚಿತ್ರ ತೋರಿಸಬೇಕು ಅಂದುಕೊಂಡಿದ್ದೇನೆ.